ಹೊರಗಿನವರ ವಿರೋಧಿ ನಮ್ಮ ಕಾಕಾ

ಜರ್ಮನಿಗೆ ಹೊರಗಿನವರು ಬರುವುದನ್ನು ತಡೆದೇ ತೀರಬೇಕೆಂದು ಪಣ ತೊಟ್ಟವರಲ್ಲಿ ಧಾರವಾಡದವರು ಒಬ್ಬರೇ ಒಬ್ಬರು. ಅವರು ನನ್ನ ಅಪ್ಪನ ತಮ್ಮ, ನಮ್ಮ ಕಾಕಾ! ಎರ್ಲಾಂಗೆನ್ ಎಂಬ ಊರಿಗೆ ಎಂಜಿನಿಯರ್ ಆಗಿ ಬಂದು, ಇಲ್ಲಿಯ ಪೌರತ್ವ ಪಡೆದು ಎಷ್ಟೋ ಕಾಲವಾಗಿತ್ತು. ತಾವು ಒಳಗೆ ಬಂದಮೇಲೆ ಬಾಗಿಲು ಹಾಕಿಕೊಳ್ಳಬೇಕಿತ್ತು ಎಂಬುದೇ ಅವರ ರಾಜಕೀಯ. ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ನಾನು ಬಂದಿಳಿದಾಗ ಸ್ಟೇಷನ್ನಿನಲ್ಲಿ ಅಪ್ಪಿಕೊಂಡರು. ಕಾರಿನಲ್ಲಿ ಕೂತಮೇಲೆ, ನಿಮ್ಮಂಥವರನ್ನು ಕರೆಸಿಕೊಂಡದ್ದು ಸರ್ಕಾರದ ದೊಡ್ಡ ತಪ್ಪು ಎಂದರು. ಮನೆಯಲ್ಲಿ ಅವರ ಹೆಂಡತಿ ಕಾಕು ರೊಟ್ಟಿ, ಎಣಗಾಯಿ ಮಾಡಿಟ್ಟಿದ್ದರು. ಆ ತಪ್ಪಿಗೆ ಒತ್ತಾಯ ಮಾಡಿ ಮಾಡಿ ಬಡಿಸಿದವರೂ ಕಾಕಾನೇ!

ಶನಿವಾರ ಬಂತೆಂದರೆ ಟೈ ಕಟ್ಟಿಕೊಂಡು, ಮಾರ್ಕೆಟ್ಟಿನಲ್ಲಿ ತಮ್ಮ ಪಕ್ಷದ ಕೊಡೆಯ ಕೆಳಗೆ ನಿಂತು ಕರಪತ್ರ ಹಂಚುವರು, ಹೊರಗಿನವರು ಬೇಡವೆಂಬ ಮನವಿಗೆ ಸಹಿ ಸಂಗ್ರಹಿಸುವರು. ಒಮ್ಮೆ ಒಬ್ಬ ಅಜ್ಜಿ ಬಂದು, ಈ ವಿದೇಶಿಯರ ವಿರುದ್ಧ ಸಹಿ ಹಾಕುವುದು ಎಲ್ಲಿ ಎಂದು ಇವರನ್ನೇ ಕೇಳಿದಳಂತೆ. ಕಾಕಾ ಕುರ್ಚಿ ಸರಿಸಿ ಕೂಡಿಸಿ, ತಮ್ಮದೇ ಪೆನ್ನು ಕೊಟ್ಟರು. ಸಹಿ ಹಾಕಿ ಏಳುವಾಗ ಆಕೆ, ನೀವು ಊರಿಗೆ ವಾಪಸು ಹೋಗುವುದು ಯಾವಾಗ ಎಂದು ಅಕ್ಕರೆಯಿಂದ ವಿಚಾರಿಸಿದಳು. ಇದನ್ನು ಕಾಕಾ ನನಗೆ ಹೇಳಿದ್ದು ಜರ್ಮನ್ನರ ಸೌಜನ್ಯಕ್ಕೆ ಉದಾಹರಣೆಯಾಗಿ! ಇಂಥವರನ್ನು ಏನು ಮಾಡಬೇಕು, ನೀವೇ ಹೇಳಿ?

ಅಷ್ಟರಲ್ಲಿ ನಗರಸಭೆಯ ಚುನಾವಣೆ ಬಂತು. ಪಕ್ಷದ ಅಭ್ಯರ್ಥಿಯಾಗಬೇಕೆಂಬುದು ಕಾಕಾನ ಬಹುಕಾಲದ ಆಸೆ. ಹೊಸ ಕೋಟು ತಂದರು, ಪೋಸ್ಟರಿಗೆಂದು ಫೋಟೊ ತೆಗೆಸಿದರು. ಅಭ್ಯರ್ಥಿಗಳನ್ನು ಆರಿಸುವ ಸಭೆಗೆ ನನ್ನನ್ನೂ ಕರೆದೊಯ್ದರು. ಪಕ್ಷದ ಅಧ್ಯಕ್ಷರು ಒಳ್ಳೆಯ ಮನುಷ್ಯ. ಇವರ ಹೆಗಲ ಮೇಲೆ ಕೈಯಿಟ್ಟು, ಜನ ಇನ್ನೂ ಇದಕ್ಕೆ ತಯಾರಿಲ್ಲ ಎಂದರು. ಪಕ್ಷದ ಬೇಸಿಗೆಯ ಔತಣಕ್ಕೆ ಮಾತ್ರ ನಿಮ್ಮ ಸಮೋಸ ಬೇಕೇ ಬೇಕು ಎಂದೂ ಸೇರಿಸಿದರು. ಎಷ್ಟು ಜನ ಬರುತ್ತಾರೆ ಎಂದು ಕಾಕಾ ಕೇಳಿದರು.

ಒಂದು ವರ್ಷದಿಂದ ಅವರನ್ನು ಗೇಲಿ ಮಾಡುತ್ತ ಬಂದವನಿಗೆ ಅಂದು ನಗು ಬರಲಿಲ್ಲ. ಕಾರಿನಲ್ಲಿ ಕೂತು ಅಧ್ಯಕ್ಷರನ್ನು ಬಾಯಿಗೆ ಬಂದಂತೆ ಬೈದೆ. ಕಾಕಾ ತಡೆದರು.

"ಅವರದೇನ ತಪ್ಪಿಲ್ಲೋ ತಮ್ಮಾ. ಅವರ ಜಾಗಾದಾಗ ನಾ ಇದ್ರೂ ಇದನ್ನ ಹೇಳ್ತಿದ್ದೆ."

ಹೇಳಿ, ಹೊಸ ಕೋಟು ಬಿಚ್ಚಿ ಹಿಂದಿನ ಸೀಟಿನ ಮೇಲೆ ಮಡಚಿಟ್ಟು ಕಾರು ಶುರು ಮಾಡಿದರು.

ಔತಣದ ದಿನ ಕಾಕು ಸಿಟ್ಟಿನಿಂದ ಅಡುಗೆಮನೆಗೆ ಕಾಲಿಡಲಿಲ್ಲ. ಕಾಕಾ ಒಬ್ಬರೇ ಹಿಟ್ಟು ನಾದುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಸಮೋಸ ಮಡಚತೊಡಗಿದೆ.

"ನಮ್ಮ ಪಾರ್ಟಿ ಅಂದ್ರ ನಿನಗ ಆಗೂದಿಲ್ಲಲ್ಲೋ?" ಎಂದರು.

"ಪಾರ್ಟಿ ಸಲುವಾಗಿ ಅಲ್ರಿ, ಕಾಕಾ."

ಅವರು ತಲೆ ಎತ್ತಲಿಲ್ಲ. ಅಂಚು ಗಟ್ಟಿಯಾಗಿ ಒತ್ತು, ಎಣ್ಣೆಯಲ್ಲಿ ಬಿಚ್ಚಿಕೊಳ್ಳಬಾರದು ಎಂದರು. ಆ ಮನುಷ್ಯನ ಮೇಲೆ ನನಗೆ ಅಷ್ಟೊಂದು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.