ಕೋಟೆಗಾವಲು ಖರೀದಿ ಕಡತ

ಭಾಲ್ಕಿಯ ಯುವ ಗಣಕಕ್ರೀಡಾ ಕೇಂದ್ರದಲ್ಲಿ ಆರು ಕಂಪ್ಯೂಟರು, ಆರು ಕುರ್ಚಿ, ಒಂದು ಕಬ್ಬಿಣದ ಕಪಾಟು ಇದ್ದು, ಆಡಲು ಒಂದೂ ಆಟವಿರಲಿಲ್ಲ ಎಂಬುದು ದಾಖಲೆಯಲ್ಲಿರುವ ಸಂಗತಿ. ಯಂತ್ರಗಳು ಸವೆಯದೆ ಉಳಿದದ್ದಕ್ಕೆ ಬೀದರಿನ ಜಿಲ್ಲಾ ಗಣಕಕ್ರೀಡಾ ಕಚೇರಿಯಿಂದ ಪ್ರಶಂಸಾಪತ್ರವೂ ಬಂದಿತ್ತು.

ಖಟಕ ಚಿಂಚೋಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಸಪನಾಳಿಗೆ ಆಗ ಹದಿನೇಳು. ಜನವರಿಯಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಆಟ ‘ಕೋಟೆಗಾವಲು’, ಜೂನಿನಲ್ಲಷ್ಟೇ ಬಿಡುಗಡೆಯಾದದ್ದು. ಹದಿನೆಂಟು ತುಂಬಿದವರಿಗೆ ಪ್ರವೇಶವಿಲ್ಲ. ಅವಳಿಗೆ ಮಾರ್ಚಿಗೆ ತುಂಬುತ್ತಿತ್ತು. ಅಂದರೆ ಇದೊಂದೇ ಸಲ. ಹುಡುಗಿ ಬೇರೆಯವರು ಆಡುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ, ಖಾಲಿ ಮೇಜಿನ ಮೇಲೆ ಬೆರಳಾಡಿಸಿ ಅರ್ಧ ಆಟ ಕಲಿತೇಬಿಟ್ಟಿದ್ದಳು.

ಮೇಲ್ವಿಚಾರಕ ಧೊಂಡಿಬಾ ಸಾಹೇಬರು ಕುರಿ ಸಾಕಿದ ಮನೆತನದವರು. ಬೆಳಗಿನ ಸಂತೆಯಲ್ಲಿ ಏನನ್ನೂ ಕೊಂಡವರಲ್ಲ. ತಮ್ಮ ಮದುವೆಯ ಸೀರೆಯನ್ನೂ ಸಂಜೆ ದರ ಇಳಿದ ಮೇಲೆ ಕೊಂಡು ಮುಹೂರ್ತ ತಪ್ಪಿಸಿದ ಮಹಾನುಭಾವರು.

“ಮುಂಜಾನಿ ಕುರಿ ಕೊಳ್ಳಾಂವ ಮಳ್ಳ, ಸಂತಿ ಹರಿಯೂ ಹೊತ್ತಿಗಿ ಕೊಳ್ಳಾಂವ ಶಾಣ್ಯಾ,” ಎಂದರು, ಆಟ ತರಿಸಿರೆಂದು ಸಪನಾ ಕೇಳಿದಾಗ. “ಮೂರು ಸಾವಿರದ ಆಟ ದೀಪಾವಳಿಗಿ ಅರ್ಧಕ್ಕ ಬರ್ತದ. ಅವಸರ ಯಾಕವ್ವ?”

“ಅಷ್ಟ್ರಾಗ ಬ್ಯಾರೆದವ್ರು ಪಕ್ಕಾ ಆಗಿಬಿಡ್ತಾರ್ರಿ ಸರ,” ಎಂದಳು ಸಪನಾ.

“ಆಗ್ಲಿ ಬಿಡು. ಅವ್ರೆಲ್ಲಾ ಮಳ್ಳರು.”

ಸಪನಾಳ ತಾಯಿ ಕೌಸಲ್ಯಾಬಾಯಿ, ಊರ ಸಾಲಿಯಲ್ಲಿ ಕಲಿಸುವವರು, “ರೊಕ್ಕ ನಾನೇ ಕೊಡ್ತೇನಿ ತಗೋರಿ” ಎಂದು ಬಂದರು. ಪೂರ್ತಿ ದರದ ದಾನ ಸ್ವೀಕರಿಸಿದರೆ ಕೇಂದ್ರವು ಪೂರ್ತಿ ದರವನ್ನೇ ಒಪ್ಪಿಕೊಂಡಂತಾಗುತ್ತದೆ ಎಂದು ಸಾಹೇಬರು ಲಿಖಿತವಾಗಿ ತಿಳಿಸಿ, ಚಹಾ ಕುಡಿಸಿ ಕಳಿಸಿದರು.

ದೀಪಾವಳಿಗೆ ದರ ನಿಜಕ್ಕೂ ಅರ್ಧವಾಯಿತು. ಸಪನಾ ಓಡೋಡಿ ಬಂದಳು. ಆಗ ಖರೀದಿ ನಿಯಮಾವಳಿಯ ಏಳನೆಯ ನಿಯಮ ಅಡ್ಡ ನಿಂತಿತು: “ದರ ಇಳಿಯಬಹುದಾದ ವಸ್ತುವನ್ನು ಇಳಿಯುವ ಮುನ್ನ ಕೊಳ್ಳತಕ್ಕದ್ದಲ್ಲ. ಇಳಿದ ಬಳಿಕ, ಇನ್ನಷ್ಟು ಇಳಿಯದೆಂಬ ದೃಢೀಕರಣ ಲಗತ್ತಿಸತಕ್ಕದ್ದು.” ಹಾಗೆಂದು ಯಾವ ಪುಣ್ಯಾತ್ಮ ಬರೆದುಕೊಟ್ಟಾನು? ಕಡತ ಬೀದರಿಗೆ ಹೋಯಿತು, “ಚರ್ಚಿಸಿ” ಎಂಬ ಷರಾ ಹೊತ್ತು ಮರಳಿತು. ಚರ್ಚಿಸುವಷ್ಟರಲ್ಲಿ ರಿಯಾಯಿತಿ ಮುಗಿದು ದರ ಮತ್ತೆ ಮೂರು ಸಾವಿರವಾಗಿತ್ತು.

ಔರಾದ ಕೇಂದ್ರದ ಮೇಲ್ವಿಚಾರಕಿ ಅಜೀಜಾ ಬೇಗಂ ಮಾತ್ರ ಬಿಡುಗಡೆಯ ದಿನವೇ, ಪೂರ್ತಿ ದರಕ್ಕೆ, ಹಾಡಹಗಲೇ ಆಟ ಕೊಂಡಿದ್ದರು. ಜನವರಿಯಲ್ಲಿ ಅವರ ಹುಡುಗಿಯರು ಕಪ್ ಗೆದ್ದು ತಂದರು. ಕಪ್ಪನ್ನು ದುಂದುವೆಚ್ಚದ ಸಾಕ್ಷ್ಯವೆಂದು ಜಿಲ್ಲಾ ಕಚೇರಿ ವಶಪಡಿಸಿಕೊಂಡು, ಬೇಗಂ ಅವರಿಗೆ ನೋಟೀಸು ಕೊಟ್ಟಿತು. ಸಪನಾ ಅವತ್ತು ಹೊಟ್ಟೆ ಉರಿದು ಅತ್ತಳು. ಮಾರ್ಚಿನಲ್ಲಿ ಅವಳಿಗೆ ಹದಿನೆಂಟು ತುಂಬಿತು.

ಎರಡು ವರ್ಷ ದರ ಇಳಿಯುತ್ತ ಇಳಿಯುತ್ತ ಒಂದು ದಿನ ಸೊನ್ನೆಗೆ ಬಂತು. ಆಟ ನಡೆಸುವ ಕಂಪನಿ ಬಾಗಿಲು ಹಾಕುತ್ತಿತ್ತು. ಸೊನ್ನೆಗಿಂತ ಕೆಳಗೆ ಇಳಿಯದೆಂಬ ದೃಢೀಕರಣವನ್ನು ಗಣಿತದ ಮಾಸ್ತರರೊಬ್ಬರು ಸಂತೋಷದಿಂದ ಬರೆದುಕೊಟ್ಟರು. ಖರೀದಿ ಆಯಿತು. ಉದ್ಘಾಟನೆಗೆ ಪೆಂಡಾಲು, ಶಾಲು, ಹಾರ, ಹೋಳಿಗೆ ಊಟ. ಇವೆಲ್ಲ ಪೂರ್ತಿ ದರದಲ್ಲಿ, ಏಕೆಂದರೆ ಹೋಳಿಗೆಗೆ ಏಳನೆಯ ನಿಯಮ ಅನ್ವಯಿಸುವುದಿಲ್ಲ. ಸಾಹೇಬರು ಗುಂಡಿ ಒತ್ತಿದರು. “ಈ ಆಟದ ಸೇವೆ ಕೊನೆಗೊಂಡಿದೆ” ಎಂದು ಪರದೆಯ ಮೇಲೆ ಮೂಡಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಇದನ್ನು ‘ಭಾಲ್ಕಿ ಮಾದರಿ’ ಎಂದು ಘೋಷಿಸಲಾಯಿತು. ಧೊಂಡಿಬಾ ಸಾಹೇಬರು ಬಡ್ತಿ ಪಡೆದು ಬೀದರಿಗೆ ಹೋದರು. ಕೇಂದ್ರದ ಗುತ್ತಿಗೆ ನೌಕರಿ ಸಪನಾಳಿಗೆ ಸಿಕ್ಕಿತು. ಅರ್ಹತೆಯ ಕಾಲಮಿನಲ್ಲಿ “ಸದರಿ ಕಡತದ ಸಂಪೂರ್ಣ ಪರಿಚಯ” ಎಂದು ನಮೂದಾಗಿದೆ.

ಮೊನ್ನೆ ಸೋಮವಾರ ಗುಲಶನ ಎಂಬ ಹುಡುಗಿ ಅರ್ಜಿ ಹಿಡಿದು ಬಂದಳು. ಬೇರೊಂದು ಕಂಪನಿ ಕೈಗೆತ್ತಿಕೊಂಡ ಕೋಟೆಗಾವಲಿನ ಎರಡನೆಯ ಭಾಗ ಹಿಂದಿನ ದಿನವಷ್ಟೇ ಬಿಡುಗಡೆಯಾಗಿತ್ತು. ಅವಳಿಗೂ ಹದಿನೇಳು. ಮಾತಾಡುವಾಗ ಅವಳ ಬೆರಳುಗಳು ಮೇಜಿನ ಮೇಲೆ ತಾವೇ ಆಡುತ್ತಿದ್ದವು. ಸಪನಾ ಆ ಬೆರಳುಗಳನ್ನೇ ನೋಡಿದಳು. ಆಮೇಲೆ ಅರ್ಜಿಯ ಮೇಲೆ “ರಿಯಾಯಿತಿ ನಿರೀಕ್ಷೆಯಲ್ಲಿದೆ” ಎಂಬ ಮೊಹರು ಒತ್ತಿ, ಖಾಲಿ ಕುರ್ಚಿ ತೋರಿಸಿದಳು.

“ಕೂಡವ್ವ,” ಎಂದಳು. “ಸಂತಿ ಹರೀಲಿ.”

“ಹೂಂರಿ ಅಕ್ಕಾ,” ಎಂದು ಗುಲಶನ ಕೂತಳು.