ಮೊಮ್ಮಗಳ ಕೇಕಿಗೆ ನನ್ನ ಮುದ್ದೆ ಕೋಲು

ಬೆಂಕಿ ಕಂಡ ಹಿಟ್ಟನ್ನು ಅದರ ಪಾಡಿಗೆ ಬಿಡುವುದು ನನ್ನಿಂದಾಗದ ಕೆಲಸ. ಇದು ಗುಣವೋ ರೋಗವೋ ಗೊತ್ತಿಲ್ಲ. ಮೇಲೂರಿಗೆ ಸೊಸೆಯಾಗಿ ಬಂದ ಮಾರನೆಯ ದಿನವೇ ನಮ್ಮತ್ತೆ ನನ್ನ ಕೈಗೆ ಮುದ್ದೆ ಕೋಲು ಕೊಟ್ಟು, ತಿರುವದಿದ್ದರೆ ಗಂಟಾಗುತ್ತದೆ ಎಂದಿದ್ದರು. ಅಂದಿನಿಂದ ತಿರುವುತ್ತಲೇ ಇದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಲ್ಲಿ ಕಲಿತದ್ದು ಮುಕ್ಕಾಲು ಮರೆತಿದೆ, ಇದೊಂದು ಮರೆತಿಲ್ಲ.

ಒಂದು ಶನಿವಾರ ನನ್ನ ಮೊಮ್ಮಗಳು ಕಾವ್ಯ ಸ್ಕೂಲಿನಿಂದ ಮುಖ ಊದಿಸಿಕೊಂಡು ಬಂದಳು. ಎಂಟನೇ ಕ್ಲಾಸು. ರಾಗಿಯಲ್ಲಿ ಕೇಕು ಮಾಡುತ್ತೇನೆ ಎಂದಿದ್ದಕ್ಕೆ, ರಾಗಿಯಲ್ಲಿ ಮುದ್ದೆ ಬಿಟ್ಟು ಇನ್ನೇನೂ ಆಗಲ್ಲ ಎಂದು ಪಕ್ಕದ ಬೆಂಚಿನ ಹುಡುಗಿ ನಕ್ಕಳಂತೆ. ಇವಳು ಸೋಮವಾರ ತಂದು ತೋರಿಸುತ್ತೇನೆ ಎಂದು ಇಡೀ ಕ್ಲಾಸಿನ ಮುಂದೆ ಮಾತು ಕೊಟ್ಟು ಬಂದಿದ್ದಳು. ಹಿಟ್ಟು ಮಾತ್ರ ಅಜ್ಜಿಯೇ ಮಾಡಿಸಿ ಕೊಡಬೇಕಂತೆ. ನನಗೆ ಸಂತೋಷ ತಡೆಯಲಿಲ್ಲ. ರಾಗಿ ಕೇರಿ, ಕಲ್ಲು ಆರಿಸಿ, ಹಿಟ್ಟಿನ ಮಿಷನ್ನಿನವನಿಗೆ ನುಣ್ಣಗೆ ಹಾಕಪ್ಪ ಎಂದೆ. ಅವನು ಕೇಳದಿದ್ದರೂ ನಮ್ಮ ಮೊಮ್ಮಗಳ ಕೇಕಿಗೆ ಎಂದೂ ಸೇರಿಸಿದೆ. ಮನೆಗೆ ಬರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಗೊತ್ತಾಗಿತ್ತು. ಗೊತ್ತಿಲ್ಲದ ಮನೆ ಎರಡಿದ್ದವು, ಅಲ್ಲಿಗೂ ಹೋಗಿ ಬಂದೆ.

ಭಾನುವಾರ ಅವಳು ರಾಗಿ ಹಿಟ್ಟು, ಜರಡಿ ಹಿಡಿಯದ ಗೋಧಿ ಹಿಟ್ಟು, ಬೆಲ್ಲ, ಮೊಸರು, ಸೋಡಾ ಎಲ್ಲ ಕಲಸಿ ಓವನ್ನಿಗಿಟ್ಟು, ಮುಕ್ಕಾಲು ಗಂಟೆ ಬೇಯಬೇಕು ಎಂದು ಹೇಳಿ ತಲೆಗೆ ನೀರು ಹಾಕಿಕೊಳ್ಳಲು ಹೋದಳು. ನಾನು ಓವನ್ನಿನ ಗಾಜಿನ ಮುಂದೆ ಕೂತೆ. ಒಳಗೆ ಹಿಟ್ಟು ಬೇಯುತ್ತಿದೆ, ತಿರುವುವವರು ಯಾರೂ ಇಲ್ಲ. ಹತ್ತು ನಿಮಿಷ ತಡೆದೆ. ಅಷ್ಟರಲ್ಲಿ ನಡುವೆ ಉಬ್ಬತೊಡಗಿತು. ಗಂಟು ಕಟ್ಟುತ್ತಿದೆ, ನಾಳೆ ಮಗುವಿನ ಮಾನ ಹೋಗುತ್ತದೆ ಎಂದು ಮಸಿಬಟ್ಟೆಯಲ್ಲಿ ಪಾತ್ರೆ ಹೊರಗೆಳೆದು, ಕೋಲಿನಲ್ಲಿ ನಾಲ್ಕು ಸುತ್ತು ಬಲವಾಗಿ ತಿರುವಿದೆ. ಮತ್ತೆ ಒಳಗಿಟ್ಟು, ಏನೂ ಅರಿಯದವಳ ಹಾಗೆ ಕೂತೆ.

ಕೊನೆಗೆ ಹೊರಬಂದದ್ದು ಮುದ್ದೆಯೇ. ಗಂಟು ಒಂದೂ ಇರಲಿಲ್ಲ. ಕಾವ್ಯ ಪಾತ್ರೆ ನೋಡಿದಳು, ಕೋಲಿನ ತುದಿ ನೋಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು.

"ಅಲ್ಲ ಕಣಜ್ಜಿ, ಹುಳ ಜ್ವರಕ್ಕೆ ಕೂತಾಗ ನಮ್ಮನ್ನ ಆ ಕಡೆ ಉಸಿರಾಡೋಕೂ ಬಿಡಲ್ಲ ನೀನು. ಇದನ್ನ ಮುಕ್ಕಾಲು ಗಂಟೆ ಬಿಡೋಕಾಗ್ಲಿಲ್ವಾ?"

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುತ್ತದೆ. ಅದೇ ಜ್ವರ. ಆಗ ತಟ್ಟೆ ಅಲುಗಿಸಬಾರದು. ನಲವತ್ತು ವರ್ಷ ಹುಳು ಸಾಕಿದ ನನಗೆ ಈ ಪಾಠ ಅವಳು ಹೇಳಬೇಕಾಯಿತು.

"ಕೇಕೂ ಜ್ವರಕ್ಕೆ ಕೂರುತ್ತೆ ಅಂತ ನಂಗೇನಮ್ಮ ಗೊತ್ತು" ಅಂದೆ. ಅಳುತ್ತಿದ್ದವಳು ನಕ್ಕುಬಿಟ್ಟಳು.

ಮಿಕ್ಕ ಹಿಟ್ಟನ್ನು ಮತ್ತೆ ಕಲಸಿದಳು. ಈ ಸಲ ನನ್ನನ್ನು ಕೋಲಿನ ಸಮೇತ ಜಗಲಿಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡಳು. ನಾನು ಮೊದಲನೆಯದನ್ನು ಉಂಡೆ ಕಟ್ಟಿ ತುಪ್ಪ ಹಚ್ಚಿಕೊಂಡು ತಿಂದೆ. ಅವಳ ಮುಂದೆ ಹೇಳಲಿಲ್ಲ, ಚೆನ್ನಾಗಿಯೇ ಇತ್ತು. ಚಿಲಕ ತೆಗೆದಾಗ ಎರಡನೆಯ ಕೇಕು ಹೊಸ ದಿಂಬಿನ ಹಾಗೆ ಉಬ್ಬಿತ್ತು.

ಸೋಮವಾರ ಡಬ್ಬಿ ಖಾಲಿ ಬಂತು. ಪಕ್ಕದ ಬೆಂಚಿನ ಹುಡುಗಿ ಎರಡು ತುಂಡು ತಿಂದು, ಮಾಡುವುದು ಹೇಗೆಂದು ಬರೆದುಕೊಡು ಎಂದಳಂತೆ. ಕಾವ್ಯ ಬರೆದ ಹಾಳೆಯನ್ನು ಅಕ್ಷರ ಕೂಡಿಸಿಕೊಂಡು ಓದಿದೆ. ಎಷ್ಟು ಲೋಟ ಹಿಟ್ಟು, ಎಷ್ಟು ಬೆಲ್ಲ ಎಲ್ಲ ಇತ್ತು. ಕೊನೆಯ ಸಾಲು: ಬೇಯುವಾಗ ಅಜ್ಜಿ ಜಗಲಿಯಲ್ಲಿರಬೇಕು.

ಇಷ್ಟು ವರ್ಷಕ್ಕೆ ನಾನೂ ಒಂದು ಬರಹದಲ್ಲಿ ಸೇರಿದೆ. ಹಾಳೆ ಹಿಡಿದು ಬೀದಿಯ ಮನೆಮನೆಗೂ ಹೋಗಿ ಆ ಸಾಲು ಓದಿ ಹೇಳಿ ಬಂದೆ. ವಾಪಸು ಬಂದರೆ, ಒಲೆಯ ಮೇಲಿಟ್ಟು ಹೋಗಿದ್ದ ರಾತ್ರಿಯೂಟದ ಮುದ್ದೆ ತಿರುವುವವರಿಲ್ಲದೆ ತಳ ಹಿಡಿದು ಗಂಟುಗಂಟಾಗಿತ್ತು.