ಅಬ್ಬಿಗೆರೆಯಲ್ಲಿ ನಿಂತ ಅಂಬಾಸಿಡರ್

ಹಳೆಯ ಕಾರು ಇಟ್ಟುಕೊಂಡವನಿಗೆ ಖಾಸಗಿ ಬದುಕು ಎಂಬುದು ಇರುವುದಿಲ್ಲ. ಹೊಸ ಕಾರಿನವರನ್ನು ಜನ ಮೈಲೇಜ್ ಎಷ್ಟು ಎಂದು ಕೇಳಿ ಬಿಟ್ಟುಬಿಡುತ್ತಾರೆ. ನನ್ನ ಬಿಳಿ ಅಂಬಾಸಿಡರ್ ಯಲಹಂಕದ ನಮ್ಮ ಬೀದಿಯಿಂದ ಹೊರಬಿದ್ದರೆ ಸಾಕು, ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದವರೆಲ್ಲ ಗಾಜು ಇಳಿಸಿ ಮಾತಿಗೆ ತೊಡಗುತ್ತಾರೆ. ಒಬ್ಬರು ಚಿಕ್ಕಂದಿನಲ್ಲಿ ಇಂಥದ್ದೇ ಕಾರಿನಲ್ಲಿ ಮನೆಮಂದಿಯೆಲ್ಲ ತಿರುಪತಿಗೆ ಹೋಗಿದ್ದನ್ನು ಹೇಳುತ್ತಾರೆ. ಇನ್ನೊಬ್ಬರು ಸ್ಪೇರ್ ಪಾರ್ಟು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಹಸಿರು ದೀಪ ಬಂದ ಮೇಲೂ ಇವರ ನೆನಪು ಮುಗಿದಿರುವುದಿಲ್ಲ, ಹಿಂದಿನವರ ಬೈಗುಳ ಮಾತ್ರ ನನಗೆ ಸಲ್ಲುತ್ತದೆ. ಮನೆಯಲ್ಲಿ ಕತೆ ಬೇರೆ. ನನ್ನ ಹೆಂಡತಿ ಶಾರದಾ ಬೆಳಿಗ್ಗೆ ಗೇಟಿನ ಹೊರಗೆ ರಂಗೋಲಿ ಬಿಡಿಸುವಷ್ಟರಲ್ಲಿ ಗೇಟಿನ ಒಳಗೆ ಕಾರು ಎಣ್ಣೆ ತೊಟ್ಟಿಕ್ಕಿಸಿ ತನ್ನದೊಂದು ಬಿಡಿಸಿರುತ್ತದೆ. ಇದನ್ನು ಮಾರಿ ಎಂದು ಅವಳು ಹೇಳುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಈಗ ಬರೀ ನಿಟ್ಟುಸಿರು ಬಿಡುತ್ತಾಳೆ. ಅದು ಇನ್ನೂ ಕಷ್ಟ.

ನಮ್ಮ ಕುಟುಂಬದಲ್ಲಿ ಈ ಕಾರಿಗೆ ಇರುವ ಏಕೈಕ ಅಭಿಮಾನಿ ನನ್ನ ಅತ್ತೆ, ಶಾರದಾಳ ತಾಯಿ. ಅವರು ಚಿಕ್ಕಜಾಲದವರು. ಊರಿನ ಪಕ್ಕದ ರಸ್ತೆ ಏರ್‌ಪೋರ್ಟ್ ರಸ್ತೆಯಾಗಿ, ಹೊಲಗಳೆಲ್ಲ ಹೋಟೆಲುಗಳಾದರೂ ಅವರೇನೂ ಬದಲಾಗಿಲ್ಲ. ಗಾಜು ಮುಚ್ಚಿ ಎಸಿ ಹಾಕಿದ ಕ್ಯಾಬಿನಲ್ಲಿ ಕೂತರೆ ಹೆಬ್ಬಾಳ ಬರುವಷ್ಟರಲ್ಲಿ ಅವರ ಹೊಟ್ಟೆ ತೊಳೆಸುತ್ತದೆ. ಅಂಬಾಸಿಡರ್‌ನಲ್ಲಾದರೆ ಹಿಂದಿನ ಸೋಫಾದಂಥ ಸೀಟಿನಲ್ಲಿ ಕಾಲು ಮಡಚಿ ಕೂತು, ಕಿಟಕಿಯಿಂದ ಊರೆಲ್ಲ ನೋಡುತ್ತಾ ಎಲ್ಲಿಗೆ ಬೇಕಾದರೂ ಬರುತ್ತಾರೆ. ಹೀಗಾಗಿ ಶೆಟ್ಟಿಹಳ್ಳಿಯಲ್ಲಿರುವ ನನ್ನ ಭಾವಮೈದುನನ ಮಗಳ ನಿಶ್ಚಿತಾರ್ಥ ಗೊತ್ತಾದಾಗ, ಅಜ್ಜಿಯನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಮನೆಗೆ ಹಿರಿಯರು ಅವರೇ. ಅವರು ಬಂದು ಕೂರದೆ ತಾಂಬೂಲ ಬದಲಾಯಿಸುವಂತಿಲ್ಲ. ಹೊತ್ತಿಗೆ ಸರಿಯಾಗಿ ತಲುಪಿಸುತ್ತೀರಾ ಎಂದು ಭಾವಮೈದುನ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ. ಪ್ರಶ್ನೆ ನನ್ನನ್ನು ಕುರಿತದ್ದಲ್ಲ, ಕಾರನ್ನು ಕುರಿತದ್ದು ಎಂದು ಗೊತ್ತಿದ್ದರೂ ನಾನು ಮಾತು ಕೊಟ್ಟೆ.

ಅಲ್ಲಿಗೆ ಅಬ್ಬಿಗೆರೆಯ ಮೇಲೆ ಹೋಗಬೇಕು. ಅಬ್ಬಿಗೆರೆಯಲ್ಲಿ ಅತ್ತೆಯ ತಂಗಿ ಗೌರಮ್ಮನವರ ಮನೆಯಿದೆ. ಅಕ್ಕತಂಗಿಯರಿಗೆ ಮಾತಿಲ್ಲ. ಗೌರಮ್ಮನವರು ಹೊಸ ಮನೆ ಕಟ್ಟಿಸಿ, ಗೃಹಪ್ರವೇಶದ ಓಡಾಟದಲ್ಲಿ ಅಕ್ಕನ ಮನೆಗೆ ಖುದ್ದಾಗಿ ಹೋಗಿ ಕರೆಯಲಾಗದೆ ವಾಟ್ಸಾಪ್‌ನಲ್ಲಿ ಆಮಂತ್ರಣ ಕಳಿಸಿದ್ದೇ ಕಾರಣ. "ಮೊಬೈಲ್‌ನಾಗೆ ಕುಂಕ್ಮ ಇಡಾಕಾಯ್ತದಾ?" ಎಂದು ಅತ್ತೆ ಅಂದು ಮನೆಗೆ ಬಂದವರನ್ನೆಲ್ಲ ಕೇಳಿದ್ದರು. ಅಂದಿನಿಂದ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಅವರು ತಂಗಿಯ ಮನೆ ಬರುವ ಮೊದಲೇ ಮುಖವನ್ನು ಎದುರು ಕಿಟಕಿಗೆ ತಿರುಗಿಸುತ್ತಿದ್ದರು. ಈ ನಿಶ್ಚಿತಾರ್ಥಕ್ಕೂ ತಂಗಿಯನ್ನು ಕರೆಯಲು ಅವರು ಒಪ್ಪಿರಲಿಲ್ಲ.

ಆ ದಿನ ಬಿಸಿಲು ಜೋರಾಗಿತ್ತು. ರಸ್ತೆ ಅಗೆದಿದ್ದರಿಂದ ವಾಹನಗಳು ಆಮೆಯಂತೆ ತೆವಳುತ್ತಿದ್ದವು. ನನ್ನ ಕಾರಿಗೆ ಓಡುವುದು ಕಷ್ಟವಲ್ಲ, ತೆವಳುವುದು ಕಷ್ಟ. ಎಂಜಿನ್ ಕಾದು, ಅದರ ಪಕ್ಕದ ಫ್ಯೂಯಲ್ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ, ಮುಂದಕ್ಕೆ ಹರಿಯದೆ ಹೋಗುತ್ತದೆ. ಕಾರು ಕೆಮ್ಮಿತು, ಕುಲುಕಿತು, ನಿಂತಿತು. ಇಳಿದು ನೋಡಿದರೆ ಗೌರಮ್ಮನವರ ಹೊಸ ಗೇಟಿನ ಎದುರಿಗೇ ನಿಂತಿದ್ದೇವೆ. ಅತ್ತೆ ಎದುರು ಕಿಟಕಿಯನ್ನೇ ನೋಡುತ್ತಾ ಕಲ್ಲಿನಂತೆ ಕೂತಿದ್ದರು. ಶಾರದಾ ನನ್ನನ್ನು ನೋಡಿದ ನೋಟಕ್ಕೆ ರೇಡಿಯೇಟರ್ ಕುದಿಯಬಹುದಿತ್ತು.

ಇದಕ್ಕೆ ಮದ್ದು ಸುಲಭ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾಯಬೇಕು. ಬಟ್ಟೆ ಎಂದರೆ ನನ್ನ ಕರ್ಚೀಫಿತ್ತು, ನೀರಿನ ಬಾಟಲಿ ಖಾಲಿಯಾಗಿತ್ತು. ಬೇರೆ ಯಾವ ಮನೆಗೆ ಹೋಗಿ ಕೇಳಲಿ ಎಂದು ಬಾನೆಟ್ ಎತ್ತಿಕೊಂಡು ಯೋಚಿಸುತ್ತಿರುವಾಗ ಗೇಟು ತೆರೆಯಿತು. ಗೌರಮ್ಮನವರು ಸೊಂಟದ ಮೇಲೆ ಕೊಡ, ಹೆಗಲ ಮೇಲೆ ಟವಲು ಹೊತ್ತು ಬಂದರು. ಕಾರು ನಿಂತಿದ್ದನ್ನು ಮಹಡಿಯಿಂದಲೇ ನೋಡಿದ್ದರಂತೆ. ಕಾರಿನೊಳಗಿರುವವರಿಗೂ ನೀರು ಬೇಕೇನೋ ಕೇಳಿ ಎಂದು ನನಗೆ ಹೇಳಿದರು. ಕಾರಿಗೆ ಕೊಟ್ಟರೆ ಸಾಕು ಅಂತ ಹೇಳಿ ಎಂದು ಅತ್ತೆಯೂ ನನಗೇ ಹೇಳಿದರು. ಇಬ್ಬರ ನಡುವೆ ಇದ್ದದ್ದು ಒಂದು ಮೊಳ ಜಾಗ ಮತ್ತು ನಾನು. ಬಿಸಿಲಿಗೆ ಬರಬಾರದಿತ್ತು, ಮಂಡಿ ನೋವಿದೆಯಲ್ಲ ಎಂದು ತಂಗಿ ನನಗೆ ಹೇಳುವುದು, ನೋವು ಯಾರಿಗಿಲ್ಲ ಎಂದು ಅಕ್ಕ ನನಗೆ ಹೇಳುವುದು. ನಾನು ಒಂದೊಂದು ಮಾತನ್ನೂ ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಾ, ಮಧ್ಯೆ ಬಿಡುವಾದಾಗ ಪಂಪನ್ನು ನೋಡುತ್ತಿದ್ದೆ.

ಗೌರಮ್ಮನವರು ಹೆಗಲ ಮೇಲಿನ ಬಿಳಿ ಟವಲನ್ನು ಕೊಡದಲ್ಲಿ ಅದ್ದಿ, ನಾನು ತೋರಿಸಿದ ಜಾಗಕ್ಕೆ ಸುತ್ತಲು ಬಗ್ಗಿದರು. ಅದುವರೆಗೂ ಮುಖ ತಿರುಗಿಸಿಕೊಂಡಿದ್ದ ಅತ್ತೆಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಏ ಗೌರಿ, ಒಳ್ಳೆ ಟವಲು ಕಣೇ ಅದು. ಮಸಿ ಆಯ್ತದೆ" ಎಂದುಬಿಟ್ಟರು.

ಗೌರಮ್ಮನವರ ಕೈ ಅಲ್ಲೇ ನಿಂತಿತು. ಆಮೇಲೆ ತಲೆ ಎತ್ತದೆಯೇ ಹೇಳಿದರು: "ಒಗುದ್ರೆ ಓಯ್ತದೆ ಬಿಡಕ್ಕ."

ಹಿಂದೆ ನಿಂತಿದ್ದ ಟೆಂಪೋದವನು ಹಾರ್ನ್ ನಿಲ್ಲಿಸಿದ. ಅತ್ತೆ ಬಾಗಿಲು ತೆರೆದು ಇಳಿದರು. ನಿಶ್ಚಿತಾರ್ಥದ ತಟ್ಟೆಯಿಂದ ಕುಂಕುಮ ತೆಗೆದು, ನಡುರಸ್ತೆಯಲ್ಲೇ ತಂಗಿಯ ಹಣೆಗೆ ಇಟ್ಟು, ಸೀರೆ ಬದಲಾಯಿಸಿಕೊಂಡು ಬಾ, ಮೊಮ್ಮಗಳ ಶಾಸ್ತ್ರಕ್ಕೆ ಹೊತ್ತಾಯಿತು ಎಂದರು. ಎಂಜಿನ್ ಹೇಗೂ ಆರಬೇಕಿತ್ತು. ಅಷ್ಟರಲ್ಲಿ ಹೊಸ ಮನೆಯ ಅಡುಗೆಮನೆ, ದೇವರಮನೆ ಎಲ್ಲವನ್ನೂ ಅತ್ತೆ ನೋಡಿ, ಸಿಂಕು ಎತ್ತರವಾಯಿತು ಎಂದು ತಪ್ಪು ಹುಡುಕಿ, ಮಜ್ಜಿಗೆ ಕುಡಿದದ್ದೂ ಆಯಿತು. ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು ಶೆಟ್ಟಿಹಳ್ಳಿಗೆ ಬಂದರು. ದಾರಿಯುದ್ದಕ್ಕೂ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದುದರಿಂದ ಯಾರು ಕೇಳಿಸಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ನಾವು ತಡವಾಗಿ ತಲುಪಿದರೂ ಗೌರಮ್ಮನವರು ಇಳಿದದ್ದನ್ನು ಕಂಡು ಭಾವಮೈದುನ ನನ್ನನ್ನು ಏನೂ ಅನ್ನಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು.

ಊಟದ ಪಂಕ್ತಿಯಲ್ಲಿ ಶಾರದಾ ನನ್ನ ಕಿವಿಯ ಹತ್ತಿರ ಬಾಗಿ, "ನಿಜ ಹೇಳ್ರೀ, ಬೇಕಂತಾನೇ ಅಲ್ಲಿ ನಿಲ್ಲಿಸಿದ್ರಿ ತಾನೆ?" ಎಂದಳು. ನಾನು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡು ಸುಮ್ಮನೆ ನಕ್ಕೆ. ಅದನ್ನು ಎಲ್ಲರೂ ನನ್ನ ದೊಡ್ಡತನವೆಂದು ತಿಳಿದರು.

ಕೀರ್ತಿ ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವು ದಿನ ಕಳೆದ ಮೇಲೆ ನನ್ನ ಷಡ್ಡಕ ಬಂದು, ಆರ್.ಟಿ. ನಗರದಲ್ಲಿರುವ ಚಿಕ್ಕಪ್ಪನಿಗೂ ತನ್ನ ತಂದೆಗೂ ಮಾತಿಲ್ಲ, ಆ ಮನೆ ಮುಂದೆ ಒಮ್ಮೆ ಕಾರು ಕೆಡಿಸಿಕೊಡಬೇಕು ಎಂದು ಬೇಡಿಕೊಂಡ. ಇಲ್ಲವೆನ್ನಲಾಗಲಿಲ್ಲ. ಉರಿಬಿಸಿಲು ನೋಡಿ, ಅವನ ತಂದೆಯನ್ನು ಬೇರೆ ನೆಪ ಹೇಳಿ ಕೂರಿಸಿಕೊಂಡು, ಹೆಬ್ಬಾಳದ ದಟ್ಟಣೆಯಲ್ಲಿ ಬೇಕೆಂದೇ ತೆವಳುತ್ತಾ ಹೋದೆ. ಕಾರು ಕೆಮ್ಮಲಿಲ್ಲ, ಕುಲುಕಲಿಲ್ಲ, ಶೋರೂಮಿನಿಂದ ಅಂದೇ ಬಂದಂತೆ ಓಡಿತು. ಚಿಕ್ಕಪ್ಪನ ಮನೆಯನ್ನು ದಾಟಿ, ಬೀದಿ ಬಳಸಿ ಮತ್ತೆ ಬಂದೆ. ಮತ್ತೆ ದಾಟಿತು. ಹೀಗೇ ಸುತ್ತುತ್ತಿರುವಾಗ ಹಿಂದಿನಿಂದ ಆ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸಾಕು ಬಿಡಪ್ಪ, ಪೆಟ್ರೋಲ್ ಯಾಕೆ ಹಾಳು ಮಾಡ್ತೀಯ. ನಿಲ್ಸು, ನಾನೇ ಇಳ್ದು ಹೋಗ್ತೀನಿ" ಎಂದರು. ಇಳಿದು, ಪಂಚೆ ಸರಿಮಾಡಿಕೊಂಡು, ತಾವೇ ಗೇಟು ತೆರೆದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ನಗು ಕೇಳಿಸಿತು. ಕಾಫಿಗೆ ಬರಬೇಕಂತೆ ಎಂದು ಯಾರೋ ಬಾಗಿಲಿಗೆ ಬಂದು ನನ್ನನ್ನೂ ಕರೆದರು. ನಾನು ಕೈಯಾಡಿಸಿ, ಪರವಾಗಿಲ್ಲ, ಇಲ್ಲೇ ಇರುತ್ತೇನೆ ಎಂದೆ. ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೆಂಬ ಧೈರ್ಯ ನನಗಿರಲಿಲ್ಲ.